ಪೊರೆ ಬಿಟ್ಟ ಹುಳುವಿನ ಬಣ್ಣ ಬದಲಾಗುವುದೇಕೆ?
ಮೇವಿನ ಜೋಳ ಬೆಳೆಯುವ ಸದಸ್ಯರು ತಿಳಿದಿರಬೇಕಾದ ಒಂದು ವಿಷಯ

ಕೊಟ್ಟಿಗೆಯ ಮೂಲೆಯಲ್ಲಿಟ್ಟ ಹಿಂಡಿ ಚೀಲವನ್ನು ಸರಿಸಿದಾಗ ಒಮ್ಮೊಮ್ಮೆ ಹಾಲಿನಂತೆ ಬೆಳ್ಳಗಿರುವ ಜಿರಲೆಯೊಂದು ಕಣ್ಣಿಗೆ ಬೀಳುತ್ತದೆ. ಇದು ಬೇರೆ ಜಾತಿಯ ಜಿರಲೆ ಎಂದು ಕೆಲವರು, ರೋಗ ತಗುಲಿದ ಜಿರಲೆ ಎಂದು ಇನ್ನು ಕೆಲವರು ಭಾವಿಸುವುದುಂಟು. ನಿಜವಾಗಿ ಅದು ಎರಡೂ ಅಲ್ಲ. ಅದು ಆಗತಾನೆ ಪೊರೆ ಬಿಟ್ಟು ಹೊರಬಂದ ಮಾಮೂಲಿ ಜಿರಲೆ. ಕೆಲವು ಗಂಟೆಗಳ ನಂತರ ನೋಡಿದರೆ ಅದೇ ಜಿರಲೆ ಎಂದಿನ ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಮೇವಿನ ಮುಸುಕಿನ ಜೋಳದ ಸುಳಿಯಲ್ಲಿ ಕಾಣುವ ಫಾಲ್ ಸೈನಿಕ ಹುಳುವಿನ ವಿಷಯದಲ್ಲಿಯೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಮೊದಲಿಗೆ ಕಾಣುವುದು ಹಸಿರು ಮೈ, ಕಪ್ಪು ತಲೆಯ ಸಣ್ಣ ಹುಳು. ಎರಡು ವಾರದ ಹೊತ್ತಿಗೆ ಕಾಣುವುದು ಕಂದು ಮೈಯ ದಪ್ಪ ಹುಳು. ಇವೆರಡೂ ಬೇರೆ ಬೇರೆ ಕೀಟಗಳೆಂದು ತಿಳಿದು, ಸಣ್ಣದನ್ನು ಕಡೆಗಣಿಸಿ, ದೊಡ್ಡದು ಕಂಡಾಗ ಔಷಧಿ ಅಂಗಡಿಗೆ ಓಡುವ ರೈತರು ಅನೇಕರಿದ್ದಾರೆ. ಹಾಗೆ ತಂದು ಸಿಂಪಡಿಸಿದ ವಿಷ ಮೇವಿನ ಮೇಲೆ ಬೀಳುತ್ತದೆ. ಆ ಮೇವನ್ನು ತಿನ್ನುವುದು ನಮ್ಮ ಹಸು. ಆದುದರಿಂದ ಹುಳುವಿನ ಬಣ್ಣದ ಗುಟ್ಟನ್ನು ಹಾಲು ಉತ್ಪಾದಕರು ತಿಳಿದುಕೊಳ್ಳುವುದು ಒಳ್ಳೆಯದು.

ಪೊರೆ ಬಿಡುವುದೇಕೆ?

ಕರುವಿನ ಮೂಳೆಗಳು ಮೈಯ ಒಳಗಿವೆ. ಕರು ಬೆಳೆದಂತೆ ಮೂಳೆಯೂ ಬೆಳೆಯುತ್ತದೆ. ಆದರೆ ಕೀಟಕ್ಕೆ ಒಳಗೆ ಮೂಳೆಯಿಲ್ಲ. ಅದರ ಹೊರ ಚರ್ಮವೇ ಅದಕ್ಕೆ ಮೂಳೆ, ಅದೇ ಕವಚ. ಕೈಟಿನ್ ಎಂಬ ನಾರಿನಂಥ ಪದಾರ್ಥ ಮತ್ತು ಸಸಾರಜನಕ ಸೇರಿ ಈ ಕವಚ ಆಗಿರುತ್ತದೆ. ಒಮ್ಮೆ ಗಟ್ಟಿಯಾದ ಮೇಲೆ ಅದು ಹಿಗ್ಗುವುದಿಲ್ಲ. ಒಳಗಿನ ಮೈ ಬೆಳೆಯುತ್ತಾ ಹೋದಂತೆ ಬೆಳೆಯುವ ಹುಡುಗನಿಗೆ ಹಳೆಯ ಅಂಗಿ ಬಿಗಿಯಾಗುವಂತೆ ಆಗುತ್ತದೆ. ಆಗ ಹುಳು ಹಳೆಯ ಚರ್ಮದ ಕೆಳಗೆ ಹೊಸ ಚರ್ಮವನ್ನು ಸಿದ್ಧಪಡಿಸಿಕೊಂಡು, ಹಳೆಯದನ್ನು ಬಿರಿದು ಹೊರಬರುತ್ತದೆ. ಹಾವು ಪೊರೆ ಬಿಡುವುದನ್ನು ನಾವೆಲ್ಲ ಬಲ್ಲೆವು. ಕೀಟಗಳದೂ ಹಾಗೆಯೇ.

ಹಸುವಿನ ಜೊತೆ ರೇಷ್ಮೆಯನ್ನೂ ಕಟ್ಟಿಕೊಂಡಿರುವ ಸದಸ್ಯರಿಗೆ ಇದು ಹೊಸ ವಿಷಯವೇನಲ್ಲ. ರೇಷ್ಮೆ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುವುದನ್ನು ನಮ್ಮ ಕಡೆ 'ಜ್ವರಕ್ಕೆ ಕೂತಿದೆ' ಎನ್ನುತ್ತಾರೆ. ಅದು ಕಾಯಿಲೆಯ ಜ್ವರವಲ್ಲ. ಪೊರೆ ಬಿಡುವ ಸಮಯ. ನಾಲ್ಕು ಜ್ವರ ಎದ್ದು ಐದನೇ ಹಂತ ಮುಗಿಸಿದ ಹುಳು ಗೂಡು ಕಟ್ಟುತ್ತದೆ. ಮೊಟ್ಟೆಯೊಡೆದಾಗ ಇರುವೆಯಂತೆ ಕಪ್ಪಗಿದ್ದ ಮರಿ, ಜ್ವರ ಏಳುತ್ತಾ ಹೋದಂತೆ ಬೆಳ್ಳಗಾಗುವುದನ್ನೂ ಅವರು ನೋಡಿಯೇ ಇರುತ್ತಾರೆ.

ಪೊರೆ ಬಿಡಬೇಕೆಂದು ದೇಹಕ್ಕೆ ಸೂಚನೆ ಕೊಡುವುದು ಎಕ್ಡೈಸೋನ್ ಎಂಬ ಚೋದಕರಸ. ಇದನ್ನು ಮೊದಲಿಗೆ ಶುದ್ಧರೂಪದಲ್ಲಿ ಬೇರ್ಪಡಿಸಿದ್ದು ರೇಷ್ಮೆ ಹುಳುವಿನ ಕೋಶಗಳಿಂದಲೇ. 1954ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ಕೋಶಗಳನ್ನು ಸಂಸ್ಕರಿಸಿ ಪಡೆದದ್ದು ಕೇವಲ 25 ಮಿಲಿಗ್ರಾಂ. ಇಷ್ಟು ಕಡಿಮೆ ಪ್ರಮಾಣದಲ್ಲಿದ್ದರೂ ಹುಳುವಿನ ಇಡೀ ಬೆಳವಣಿಗೆ ಈ ರಸದ ಹಿಡಿತದಲ್ಲಿದೆ. ಬೇವಿನ ಕಷಾಯದ ಮಾತು ಬಂದಾಗ ಇದನ್ನು ಮತ್ತೆ ನೆನೆಯೋಣ.

ಬಿಳಿ ಮೈ ಕಂದಾಗುವ ಬಗೆ

ಹಳೆಯ ಚರ್ಮದ ಕೆಳಗೆ ತಯಾರಾಗುವ ಹೊಸ ಚರ್ಮ ಮೆತ್ತಗೆ, ಸುಕ್ಕುಸುಕ್ಕಾಗಿ, ಬಣ್ಣವಿಲ್ಲದೆ ಇರುತ್ತದೆ. ಹಾಗೆ ಇರಲೇಬೇಕು. ಒಳಗೇ ಗಟ್ಟಿಯಾದರೆ ಹುಳು ಕಿರಿದಾದ ಬಿರುಕಿನಿಂದ ಹೊರಬರಲಾರದು. ಹೊರಬಂದ ಕೂಡಲೇ ಅದು ಗಾಳಿಯನ್ನು ನುಂಗಿ ಮೈಯನ್ನು ಉಬ್ಬಿಸಿ ಹೊಸ ಚರ್ಮದ ಸುಕ್ಕು ಬಿಡಿಸುತ್ತದೆ. ಹಿಗ್ಗಿದ್ದು ಸಾಕಾದ ಮೇಲೆ ಚರ್ಮವನ್ನು ಗಟ್ಟಿ ಮಾಡುವ ಕೆಲಸ ಶುರುವಾಗುತ್ತದೆ. ಬಣ್ಣ ಬರುವುದು ಆಗಲೇ. ಅಂದರೆ ಬಣ್ಣವೆಂಬುದು ಮೇಲೆ ಬಳಿದ ಸುಣ್ಣದಂತಲ್ಲ. ಚರ್ಮ ಗಟ್ಟಿಯಾಗುವ ಕ್ರಿಯೆಯ ಜೊತೆಯಲ್ಲೇ ಅದು ಹುಟ್ಟುತ್ತದೆ.

ಇದಕ್ಕೆ ಸಮೀಪದ ಉದಾಹರಣೆ ಚರ್ಮ ಹದ ಮಾಡುವ ಕಸುಬಿನಲ್ಲಿದೆ. ಹಸಿ ಚರ್ಮವನ್ನು ಹಾಗೆಯೇ ಇಟ್ಟರೆ ಕೊಳೆಯುತ್ತದೆ. ತಂಗಡಿ ಗಿಡದ ತೊಗಟೆಯ ರಸದಲ್ಲಿ ನೆನೆಸಿದರೆ ತೊಗಟೆಯ ಒಗರು ಪದಾರ್ಥ ಚರ್ಮದ ಎಳೆಗಳನ್ನು ಹಿಡಿದು ಬಿಗಿಯುತ್ತದೆ. ಚರ್ಮ ಬಾಳಿಕೆ ಬರುತ್ತದೆ, ಜೊತೆಗೆ ಬಣ್ಣವೂ ಏರುತ್ತದೆ. ಕೀಟವೂ ತನ್ನ ಚರ್ಮವನ್ನು ಹೀಗೆಯೇ ಹದ ಮಾಡಿಕೊಳ್ಳುತ್ತದೆ. ಆದರೆ ಹೊರಗಿನ ತೊಗಟೆ ಅದಕ್ಕೆ ಬೇಡ. ಒಗರನ್ನು ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ.

ಅದಕ್ಕೆ ಬೇಕಾದ ಮೂಲ ವಸ್ತು ಟೈರೋಸಿನ್. ಈ ಹೆಸರು ಹಾಲು ಉತ್ಪಾದಕರಿಗೆ ಸಂತೋಷ ಕೊಡುವಂಥದು. 1846ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಇದನ್ನು ಮೊದಲು ಕಂಡದ್ದು ಗಿಣ್ಣಿನ ಸಸಾರಜನಕದಲ್ಲಿ. ಗ್ರೀಕ್ ಭಾಷೆಯಲ್ಲಿ 'ಟೈರೋಸ್' ಎಂದರೆ ಚೀಸ್. ಹಾಲಿನಲ್ಲಿ ಹೇರಳವಾಗಿರುವ ಈ ಅಂಶವೇ ಹುಳುವಿನ ಮೈಯಲ್ಲಿ ಹಂತಹಂತವಾಗಿ ಮಾರ್ಪಟ್ಟು, ಗಾಳಿಯ ಆಮ್ಲಜನಕದೊಡನೆ ಸೇರಿ, ಚರ್ಮದ ಸಸಾರಜನಕದ ಎಳೆಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಹೆಚ್ಚಿಟ್ಟ ಬದನೆಕಾಯಿ ಸ್ವಲ್ಪ ಹೊತ್ತಿಗೆ ಕಪ್ಪಾಗುವುದನ್ನು ಮನೆಯ ಹೆಣ್ಣುಮಕ್ಕಳು ದಿನವೂ ನೋಡುತ್ತಾರೆ. ಅಲ್ಲಿ ನಡೆಯುವುದೂ ಇದೇ ಜಾತಿಯ ಕ್ರಿಯೆ. ಬದನೆಯಲ್ಲಾಗಲಿ, ಹುಳುವಿನಲ್ಲಾಗಲಿ ಈ ಕೆಲಸ ನಡೆಸುವ ಕಿಣ್ವದಲ್ಲಿ ತಾಮ್ರದ ಅಂಶ ಇರುತ್ತದೆ. ಹಸುವಿನ ಕೂದಲಿಗೆ ಕಪ್ಪು ಬಣ್ಣ ಕೊಡುವ ಕಿಣ್ವಕ್ಕೂ ತಾಮ್ರವೇ ಬೇಕು. ತಾಮ್ರದ ಕೊರತೆಯಾದ ದನಗಳ ಕಪ್ಪು ಕೂದಲು ಮಾಸುವುದು ಈ ಕಾರಣದಿಂದ. ಖನಿಜ ಮಿಶ್ರಣವನ್ನು ತಪ್ಪದೆ ಕೊಡಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಈ ಕಿಣ್ವ ಇಲ್ಲದಿದ್ದರೆ ಏನಾಗುತ್ತದೆ? ಹಿಟ್ಟು, ಬೂಸಾ, ಪಶು ಆಹಾರದ ದಾಸ್ತಾನಿನಲ್ಲಿ ಸಿಗುವ ಸಣ್ಣ ಕೆಂಪು ಹುಳುವಿನ ಮೇಲೆ ಅಮೆರಿಕದಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಲ್ಯಾಕೇಸ್ ಎಂಬ ಈ ಕಿಣ್ವ ಉತ್ಪತ್ತಿಯಾಗದಂತೆ ತಡೆದಾಗ ಹುಳುಗಳು ಬೆಳ್ಳಗೆ, ಮೆತ್ತಗೆ ಉಳಿದು ಸತ್ತುಹೋದವು. ಬಣ್ಣ ಬಾರದ ಚರ್ಮ ಗಟ್ಟಿಯೂ ಆಗಲಿಲ್ಲ ಎಂಬುದು ಇದರಿಂದ ಖಚಿತವಾಯಿತು.

ಹದಗೊಂಡ ಚರ್ಮವೆಲ್ಲ ಒಂದೇ ಬಣ್ಣವಾಗಬೇಕೆಂದಿಲ್ಲ. ಟೈರೋಸಿನ್‌ನಿಂದ ಹುಟ್ಟುವ ಪದಾರ್ಥಗಳಲ್ಲಿ ಒಂದು ಬಗೆಯದು ಚರ್ಮವನ್ನು ತಿಳಿಬಣ್ಣದಲ್ಲೇ ಗಟ್ಟಿ ಮಾಡುತ್ತದೆ, ಇನ್ನೊಂದು ಕಂದು ಬಣ್ಣ ತರುತ್ತದೆ, ಮತ್ತೊಂದು ಮೆಲನಿನ್ ಎಂಬ ಕಪ್ಪು ಬಣ್ಣವಾಗುತ್ತದೆ. ಯಾವ ಭಾಗಕ್ಕೆ ಯಾವುದು ಎಷ್ಟು ಎಂಬುದು ಆಯಾ ಜಾತಿಯ ಹುಟ್ಟುಗುಣ.

ಅಪ್ಪಣೆ ಕೊಡುವವರು ಯಾರು?

ತಿಪ್ಪೆಗುಂಡಿಯಲ್ಲಿ ಹುಟ್ಟಿದ ನೊಣ ಗೊಬ್ಬರದ ಅಥವಾ ಮಣ್ಣಿನ ಪದರವನ್ನು ತಳ್ಳಿಕೊಂಡು ಮೇಲೆ ಬರಬೇಕು. ದಾರಿಯಲ್ಲೇ ಮೈ ಗಟ್ಟಿಯಾದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆದುದರಿಂದ ಹೊರಬರುವ ತನಕ ಅದು ಮಾಸಲು ಬಣ್ಣದಲ್ಲಿ, ಮುದುರಿದ ರೆಕ್ಕೆಯಲ್ಲಿ ಇರುತ್ತದೆ. ಬಯಲಿಗೆ ಬಂದ ಮೇಲೆಯೇ ರೆಕ್ಕೆ ಬಿಡಿಸಿ ಕಪ್ಪಾಗುತ್ತದೆ.

ಹೊರಬಂದುದು ನೊಣದ ಮೈಗೆ ತಿಳಿಯುವುದು ಹೇಗೆ? ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಫ್ರೆಂಕೆಲ್ ಮತ್ತು ಸಿಯಾವೊ ಎಂಬ ವಿಜ್ಞಾನಿಗಳು ಮಾಂಸದ ಮೇಲೆ ಕೂರುವ ನೊಣದಲ್ಲಿ ಇದನ್ನು ಪರೀಕ್ಷಿಸಿ 1962ರಲ್ಲಿ ಪ್ರಕಟಿಸಿದರು. ಆಗತಾನೆ ಹೊರಬಂದ ನೊಣದ ಕುತ್ತಿಗೆಗೆ ದಾರ ಬಿಗಿದು ಕಟ್ಟಿದಾಗ ಅದರ ಮೈ ಬಣ್ಣ ತಿರುಗಲಿಲ್ಲ. ಅಂಥ ನೊಣಕ್ಕೆ ಬಣ್ಣ ತಿರುಗುತ್ತಿರುವ ಬೇರೊಂದು ನೊಣದ ರಕ್ತವನ್ನು ಚುಚ್ಚಿದಾಗ ಕಪ್ಪಾಯಿತು. ಅಂದರೆ ತಲೆಯ ಕಡೆಯಿಂದ ಸೂಚನೆ ಹೊರಟ ಮೇಲೆ ರಕ್ತದಲ್ಲಿ ಒಂದು ಚೋದಕರಸ ಹರಿದು 'ಇನ್ನು ಹದವಾಗಬಹುದು' ಎಂಬ ಅಪ್ಪಣೆ ಕೊಡುತ್ತದೆ. 1965ರಲ್ಲಿ ಅದಕ್ಕೆ ಬರ್ಸಿಕಾನ್ ಎಂದು ಹೆಸರಿಟ್ಟರು. ಚರ್ಮ ಹದ ಮಾಡುವುದಕ್ಕೆ ಸಂಬಂಧಿಸಿದ ಗ್ರೀಕ್ ಪದದಿಂದಲೇ ಈ ಹೆಸರು ಬಂದಿದೆ.

ಹಂತ ಬದಲಾದರೆ ಬಣ್ಣವೂ ಬೇರೆ

ಇಷ್ಟು ಹೊತ್ತು ಹೇಳಿದ್ದು ಪೊರೆ ಬಿಟ್ಟ ಕೆಲವೇ ಗಂಟೆಗಳಲ್ಲಿ ಬಿಳಿ ಮೈ ಬಣ್ಣ ತಿರುಗುವ ಸಂಗತಿ. ಇದಲ್ಲದೆ ಇನ್ನೊಂದು ಬಗೆಯ ಬದಲಾವಣೆ ಇದೆ. ಒಂದು ಪೊರೆಯಿಂದ ಮುಂದಿನ ಪೊರೆಗೆ ಹುಳುವಿನ ಬಣ್ಣವೇ ಬೇರೆಯಾಗುವುದು.

ಹಿತ್ತಲಿನ ಕರಿಬೇವು ಅಥವಾ ನಿಂಬೆ ಗಿಡವನ್ನು ಗಮನಿಸಿ. ಅಲ್ಲಿ ಹಕ್ಕಿಯ ಹಿಕ್ಕೆಯಂತೆ ಕಂದು ಬಿಳಿ ಮಿಶ್ರಿತ ಸಣ್ಣ ಹುಳುಗಳಿರುತ್ತವೆ. ಅದೇ ಎಲೆಗಳ ಮೇಲೆ ಹಚ್ಚಹಸಿರಿನ ದಪ್ಪ ಹುಳುಗಳೂ ಇರುತ್ತವೆ. ಎರಡೂ ಒಂದೇ ಚಿಟ್ಟೆಯ ಮರಿಗಳು. ನಾಲ್ಕು ಹಂತಗಳ ತನಕ ಹಿಕ್ಕೆಯ ವೇಷ, ಐದನೆಯದರಲ್ಲಿ ಎಲೆಯ ವೇಷ. ಹಕ್ಕಿಯ ಕಣ್ಣು ತಪ್ಪಿಸಲು ಎರಡೂ ಉಪಾಯಗಳೇ. ಇದೇ ಕುಟುಂಬದ ಚಿಟ್ಟೆಯೊಂದರಲ್ಲಿ ಈ ವೇಷ ಬದಲಾವಣೆಯ ಕಾರಣವನ್ನು ಜಪಾನಿನ ವಿಜ್ಞಾನಿಗಳು 2008ರಲ್ಲಿ ತಿಳಿಸಿದರು. ಹುಳುವನ್ನು ಎಳೆಯ ಸ್ಥಿತಿಯಲ್ಲಿಡುವ ಇನ್ನೊಂದು ಚೋದಕರಸವಿದೆ. ಅದರ ಪ್ರಮಾಣ ಇಳಿದಾಗ ಒಳಗೆ ತಯಾರಾಗುವ ಹೊಸ ಚರ್ಮಕ್ಕೆ ಹಸಿರು ವಿನ್ಯಾಸ ಬರುತ್ತದೆ. ಹೊಸ ಅಂಗಿಯ ಬಣ್ಣ ಹಳೆಯ ಅಂಗಿ ಕಳಚುವ ಮೊದಲೇ ತೀರ್ಮಾನವಾಗಿರುತ್ತದೆ ಎಂದು ಇದರ ಅರ್ಥ.

ಮೇವಿನ ಜೋಳದಲ್ಲಿ ಬಣ್ಣ ನೋಡಿ ವಯಸ್ಸು ತಿಳಿಯಿರಿ

ಫಾಲ್ ಸೈನಿಕ ಹುಳು ಅಮೆರಿಕ ಖಂಡದ ಮೂಲದ್ದು. 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ರಾಜ್ಯದಲ್ಲೇ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮುಸುಕಿನ ಜೋಳದಲ್ಲಿ. ಕಾಳಿನ ಜೋಳವಿರಲಿ, ಆಫ್ರಿಕನ್ ಟಾಲ್‌ನಂಥ ಮೇವಿನ ಜೋಳವಿರಲಿ, ಅದಕ್ಕೆ ಭೇದವಿಲ್ಲ.

ಪತಂಗ ಎಲೆಯ ಮೇಲೆ ಗುಂಪಾಗಿ ಮೊಟ್ಟೆಯಿಟ್ಟು ಮೇಲೆ ನವಿರಾದ ರೋಮದಂಥ ಹೊದಿಕೆ ಹೊದಿಸುತ್ತದೆ. ಎರಡು ಮೂರು ದಿನಕ್ಕೆ ಮರಿ ಹೊರಬರುತ್ತದೆ. ಅಲ್ಲಿಂದ ಮುಂದೆ ಸುಮಾರು ಎರಡು ವಾರದಲ್ಲಿ ಆರು ಹಂತಗಳು. ಚಳಿ ಇದ್ದರೆ ಇನ್ನೂ ಹೆಚ್ಚು ದಿನ. ಮೊದಲ ಹಂತದಲ್ಲಿ ಹಸಿರು ಮೈ, ಕಪ್ಪು ತಲೆ. ಎರಡನೆಯದರಲ್ಲಿ ತಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೂರನೆಯದರಲ್ಲಿ ಬೆನ್ನು ಕಂದಾಗತೊಡಗಿ, ಪಕ್ಕದಲ್ಲಿ ಬಿಳಿ ಗೆರೆಗಳು ಮೂಡುತ್ತವೆ. ನಾಲ್ಕರಿಂದ ಆರರ ತನಕ ಕೆಂಗಂದು ತಲೆ, ಕಂದು ಮೈ. ಹಣೆಯ ಮೇಲೆ ಕವೆಗೋಲನ್ನು ತಲೆಕೆಳಗಾಗಿ ಇಟ್ಟಂತೆ ಬಿಳಿ ಗುರುತು, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಚುಕ್ಕೆಗಳು ಸ್ಪಷ್ಟವಾಗಿ ಕಾಣುತ್ತವೆ. ಕೆಲವು ಹುಳುಗಳ ಬೆನ್ನು ಕೊನೆಯ ತನಕ ಹಸಿರಾಗಿಯೇ ಉಳಿಯುವುದುಂಟು. ಕಿಕ್ಕಿರಿದು ಸೇರಿದಲ್ಲಿ ಹೆಚ್ಚು ಕಪ್ಪಾಗುವುದೂ ಉಂಟು. ಆದುದರಿಂದ ಮೈಬಣ್ಣದ ಜೊತೆಗೆ ತಲೆಯನ್ನೂ ನೋಡಬೇಕು. ಒಂದು ಹಂತದೊಳಗೆ ತಲೆ ದೊಡ್ಡದಾಗುವುದಿಲ್ಲ, ಪೊರೆ ಬಿಟ್ಟಾಗ ಮಾತ್ರ ದೊಡ್ಡದಾಗುತ್ತದೆ. ಮೊದಲ ಹಂತದಲ್ಲಿ ತಲೆಯ ಅಗಲ ಸುಮಾರು 0.35 ಮಿಲಿಮೀಟರ್, ಆರನೆಯದರಲ್ಲಿ 2.6 ಮಿಲಿಮೀಟರ್. ತಲೆ ಮಾತ್ರ ಬಿಳಿಚಿಕೊಂಡ ಹುಳು ಸಿಕ್ಕಿದರೆ ಅದು ಈಗತಾನೆ ಪೊರೆ ಬಿಟ್ಟದ್ದೆಂದು ತಿಳಿಯಿರಿ.

ವಯಸ್ಸು ತಿಳಿದರೆ ಪ್ರಯೋಜನವೇನು? ಒಂದು ಹುಳು ತನ್ನ ಜೀವಮಾನದಲ್ಲಿ ತಿನ್ನುವ ಒಟ್ಟು ಎಲೆಯಲ್ಲಿ ಮೊದಲ ಮೂರು ಹಂತಗಳ ಪಾಲು ಶೇ. 2ಕ್ಕಿಂತ ಕಡಿಮೆ. ಕೊನೆಯ ಒಂದೇ ಹಂತದ ಪಾಲು ಸುಮಾರು ಶೇ. 77. ಅಂದರೆ ಹಸಿರು ಮೈಯ ಸಣ್ಣ ಹುಳು ಕಂಡಾಗ ಮೇವೆಲ್ಲ ಇನ್ನೂ ನಮ್ಮದೇ. ದೊಡ್ಡ ಕಂದು ಹುಳು ಕಂಡಾಗ ಬಹುಪಾಲು ಹೋಗಿರುತ್ತದೆ. ಅಷ್ಟೇ ಅಲ್ಲ, ಆ ಹೊತ್ತಿಗೆ ಅದು ಸುಳಿಯ ಆಳದಲ್ಲಿ ತನ್ನ ಹಿಕ್ಕೆಯನ್ನೇ ಮುಚ್ಚಳ ಮಾಡಿಕೊಂಡು ಕುಳಿತಿರುವುದರಿಂದ ಮೇಲಿನಿಂದ ಹೊಡೆದ ಔಷಧಿ ಅದಕ್ಕೆ ಸರಿಯಾಗಿ ತಾಗುವುದಿಲ್ಲ.

ಬೇವು ಕೆಲಸ ಮಾಡುವ ಬಗೆ

ಸಣ್ಣ ಹುಳುವಿಗೆ ಬೇವಿನ ಬೀಜದ ಕಷಾಯವನ್ನು ಕೃಷಿ ವಿಜ್ಞಾನಿಗಳು ಶಿಫಾರಸು ಮಾಡುತ್ತಾರೆ. 'ಸಿಂಪಡಿಸಿದ ಮಾರನೆಯ ದಿನ ನೋಡಿದರೆ ಹುಳು ಹಾಗೇ ಓಡಾಡುತ್ತಿತ್ತು, ಬೇವು ಪ್ರಯೋಜನವಿಲ್ಲ' ಎಂದು ಹೇಳುವ ರೈತರಿದ್ದಾರೆ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳುವನ್ನು ಹೊಡೆದು ಕೆಡಹುವ ವಿಷವಲ್ಲ. ಅದು ಹುಳುವಿನ ಹಸಿವು ಕೆಡಿಸುತ್ತದೆ. ಮೇಲೆ ಹೇಳಿದ ಎಕ್ಡೈಸೋನ್ ರಸದ ವ್ಯವಸ್ಥೆಯನ್ನು ಏರುಪೇರು ಮಾಡುತ್ತದೆ. ಹಾಗಾಗಿ ಮುಂದಿನ ಪೊರೆ ಬಿಡುವ ಸಮಯ ಬಂದಾಗ ಹುಳು ಹಳೆಯ ಚರ್ಮದಿಂದ ಬಿಡಿಸಿಕೊಳ್ಳಲಾರದೆ ಸಾಯುತ್ತದೆ. ಅದಕ್ಕೆ ಕೆಲವು ದಿನ ಬೇಕು. ಮರುದಿನವೇ ಸೋತಿತೆಂದು ತಿಳಿದು ಕಟುವಾದ ವಿಷಕ್ಕೆ ಕೈ ಹಾಕಬಾರದು. ಇನ್ನೂ ಹಲವು ಬಾರಿ ಪೊರೆ ಬಿಡಬೇಕಾದ ಎಳೆಯ ಹುಳುವಿನ ಮೇಲೆ ಬೇವಿನ ಪರಿಣಾಮ ಹೆಚ್ಚು, ಬಲಿತ ಹುಳುವಿನ ಮೇಲೆ ಕಡಿಮೆ ಎಂಬುದೂ ಇದರಿಂದ ಅರ್ಥವಾಗುತ್ತದೆ.

ಕಷಾಯ ಮಾಡುವ ಕ್ರಮ ಸುಲಭ. 5 ಕಿಲೋ ಬೇವಿನ ಬೀಜದ ತಿರುಳನ್ನು ಪುಡಿ ಮಾಡಿ 10 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ನೀರು ಸೇರಿಸಿ 100 ಲೀಟರ್ ಮಾಡಿ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸುಳಿಗೆ ಬೀಳುವಂತೆ ಸಿಂಪಡಿಸಿ. ಬಿತ್ತಿದ ಮೊದಲ ತಿಂಗಳಲ್ಲಿ 9 ಪಾಲು ಮರಳಿಗೆ 1 ಪಾಲು ಸುಣ್ಣ ಬೆರೆಸಿ ಸುಳಿಗೆ ಚಿಟಿಕೆ ಹಾಕುವ ಪದ್ಧತಿಯೂ ಇದೆ.

ರಾಸಾಯನಿಕ ಔಷಧಿ ಅನಿವಾರ್ಯವಾದರೆ ಕೃಷಿ ಅಧಿಕಾರಿಯ ಸಲಹೆಯಂತೆಯೇ ಬಳಸಿ. ಮೇವಿನಲ್ಲಿ ಉಳಿದ ಕೀಟನಾಶಕದ ಅಂಶ ಹಸುವಿನ ಮೈ ಸೇರಿ ಹಾಲಿನಲ್ಲೂ ಇಳಿಯಬಹುದು. ಆ ಹಾಲನ್ನು ನಮ್ಮ ಮಕ್ಕಳೂ ಕುಡಿಯುತ್ತಾರೆ, ಪಟ್ಟಣದ ಮಕ್ಕಳೂ ಕುಡಿಯುತ್ತಾರೆ. ಡಬ್ಬಿಯ ಚೀಟಿಯಲ್ಲಿ ನಮೂದಿಸಿದ ಅವಧಿ ಮುಗಿಯುವ ತನಕ ಆ ಮೇವನ್ನು ಕೊಯ್ಯಬಾರದು.

ತಿಪ್ಪೆಯ ನೊಣ, ಮೈಯ ಉಣ್ಣೆ

ಸಗಣಿ ರಾಶಿಯ ಒಣ ಅಂಚನ್ನು ಕೆದಕಿದರೆ ಚಿಕ್ಕ ಗೋಧಿಕಾಳಿನ ಗಾತ್ರದ ಕೆಂಪು, ಕಂದು ಕಾಳುಗಳು ಕಾಣುತ್ತವೆ. ಇವು ನೊಣದ ಕೋಶಗಳು. ಬಲಿತ ಹುಳುವಿನ ಕೊನೆಯ ಚರ್ಮವೇ ಇಲ್ಲಿ ಪೆಟ್ಟಿಗೆಯಾಗುತ್ತದೆ. ಮೊದಲು ಬಿಳಿ, ಆಮೇಲೆ ಹಳದಿ, ಕೆಂಪು, ಕೊನೆಗೆ ಕರಿಗಂದು. ಇದೂ ಅದೇ ಹದವಾಗುವ ಕ್ರಿಯೆ. ಗಟ್ಟಿಯಾದ ಈ ಪೆಟ್ಟಿಗೆಯೊಳಗೆ ಔಷಧಿ ಸುಲಭವಾಗಿ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಮೊಟ್ಟೆಯಿಂದ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಆದುದರಿಂದ ವಾರಕ್ಕೆ ಎರಡು ಬಾರಿಯಾದರೂ ಕೊಟ್ಟಿಗೆಯ ಸುತ್ತಲಿನ ಸಗಣಿಯನ್ನು ಪೂರ್ತಿ ತೆಗೆದರೆ ಅವು ಬಣ್ಣ ತಿರುಗುವ ಮೊದಲೇ ಸರಪಳಿ ಕಡಿಯುತ್ತದೆ.

ಉಣ್ಣೆಯ ವಿಷಯ ಬೇರೆ. ಅದು ಎಂಟು ಕಾಲಿನ ಜೀವಿ, ಕೀಟವಲ್ಲ. ಅದೂ ಪೊರೆ ಬಿಡುತ್ತದೆ. ಆದರೆ ಕೆಂಗಂದು ಉಣ್ಣೆ ಬೂದುಬಣ್ಣದ ದಪ್ಪ ಕಾಳಿನಂತಾಗುವುದು ಪೊರೆ ಬಿಟ್ಟದ್ದರಿಂದಲ್ಲ. ಹಸುವಿನ ರಕ್ತ ಕುಡಿದು ಚರ್ಮ ಹಿಗ್ಗಿದ್ದರಿಂದ. ಬೂದುಬಣ್ಣದ ಉಣ್ಣೆ ಕಂಡರೆ ಅದು ನೆಲಕ್ಕೆ ಬಿದ್ದು ಎರಡು ಸಾವಿರಕ್ಕೂ ಹೆಚ್ಚು ಮೊಟ್ಟೆಯಿಡಲು ಸಿದ್ಧವಾಗಿದೆ ಎಂದು ತಿಳಿದು ಕೂಡಲೇ ತೆಗೆದು ನಾಶಪಡಿಸಿ.

ನೆನಪಿಡಬೇಕಾದ ಅಂಶಗಳು

1. ಬಿಳಿಯ, ಮೆತ್ತನೆಯ ಕೀಟ ಹೊಸ ಜಾತಿಯಲ್ಲ, ಆಗತಾನೆ ಪೊರೆ ಬಿಟ್ಟದ್ದು. ಗಟ್ಟಿಯಾದಂತೆ ಅದರ ಬಣ್ಣ ತಿರುಗುತ್ತದೆ.

2. ಮೇವಿನ ಜೋಳ ಮೊಳೆತ ದಿನದಿಂದ ವಾರಕ್ಕೆ ಎರಡು ಬಾರಿ ಸುಳಿಯನ್ನು ಬಿಡಿಸಿ ನೋಡಿ. ಎಲೆಯ ಮೇಲೆ ಕಾಗದದಂಥ ಬಿಳಿ ತೇಪೆಗಳಿದ್ದರೆ ಸಣ್ಣ ಹುಳು ಇದೆ ಎಂದರ್ಥ.

3. ಮೊಟ್ಟೆಯ ಗುಂಪು ಕಂಡ ಎಲೆಯನ್ನು ಕಿತ್ತು ನಾಶಪಡಿಸಿ.

4. ಹಸಿರು ಮೈ, ಕಪ್ಪು ಅಥವಾ ಕಿತ್ತಳೆ ತಲೆ ಇರುವಾಗಲೇ ಬೇವಿನ ಕಷಾಯ ಬಳಸಿ, ಕೆಲವು ದಿನ ಕಾಯಿರಿ.

5. ವಿಷ ಸಿಂಪಡಿಸಿದ ಮೇವನ್ನು ಅವಧಿ ಮುಗಿಯುವ ಮೊದಲು ರಾಸುಗಳಿಗೆ ಹಾಕಬೇಡಿ.

ಹೆಚ್ಚಿನ ವಿವರ ಬೇಕಾದವರು ತಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ಒಕ್ಕೂಟದ ವಿಸ್ತರಣಾಧಿಕಾರಿಗಳನ್ನು ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಬಹುದು. ಹೋಗುವಾಗ ಹುಳುವನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೋಗಿ. ಅದರ ತಲೆಯ ಬಣ್ಣ ನೋಡಿದರೆ ಮುಂದೇನು ಮಾಡಬೇಕೆಂಬುದು ಬೇಗ ತಿಳಿಯುತ್ತದೆ.